ಬಿಗಿಯಾಗಿಯೇ ಇರಲಿ ಕೆಂಪು ಹಿಡಿ

ಬೆಳಕು ಹರಿಯುವ ಹೊತ್ತು. ವಿಮಾನ ಹಾರಿಸಲು ಕಲಿಸುವ ಶಾಲೆಯ ಶೆಡ್ಡಿನಲ್ಲಿ, ರೆಕ್ಕೆ ಬಾಲ ಎರಡೂ ಇಲ್ಲದ ವಿಮಾನವೊಂದರ ಹೊಟ್ಟೆಯಿಂದ ಎರಡು ಕಾಲು ಹೊರಚಾಚಿವೆ. "ಟಾರ್ಚು ಸ್ವಲ್ಪ ಈ ಕಡೆ ಹಿಡೀರಿ ಸಾರ್," ಎನ್ನುತ್ತದೆ ಒಳಗಿನ ದನಿ. ಪತ್ರಿಕೆಗೆಂದು ಮಾತಾಡಿಸಲು ಹೋದ ನಾನು ಹೋದ ಕೂಡಲೇ ಕೆಲಸಕ್ಕೆ ಸೇರಿದ್ದೇನೆ.

ಎಲ್ಲರ ಬಾಯಲ್ಲೂ ಇವರು ಮುಳ್ಳು ಮಾವ. ನೆಲ ಬಿಟ್ಟೇಳದ ಈ ಕಲಿಕೆಯ ನಕಲಿ ವಿಮಾನದ, ಅಂದರೆ ಸಿಮ್ಯುಲೇಟರಿನ, ಪ್ಯಾನೆಲ್ಲಿಗೆ ಎತ್ತರ, ವೇಗ ತೋರಿಸುವ ಮುಳ್ಳುಗಳನ್ನು, ಸ್ವಿಚ್ಚು, ಹಿಡಿಗಳನ್ನು ಶಾಲೆಯ ಹಳೆಯ ವಿಮಾನದಲ್ಲಿ ಇರುವಂತೆಯೇ ಕೂರಿಸುವುದು ಇವರ ಕಸುಬು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಂಗಡಿ ಮುಚ್ಚಿದರೂ ಕೈ ಸುಮ್ಮನಿರಲಿಲ್ಲ. "ನಮ್ಮನೆ ಗಡಿಯಾರ ಮಾತ್ರ ನಿಂತೇ ಇದೆ ಅಂತ ನಮ್ಮವಳು ದಿನಾ ಬೈತಾಳೆ," ಎಂದು ನಗುತ್ತಾರೆ.

ಇವರ ಒಳ್ಳೆಯತನವೇ ಒಮ್ಮೆ ಮುಳುವಾಯಿತು. ಎಂಜಿನ್ನಿಗೆ ಬೆಂಕಿ ಬಿದ್ದರೆ ಇಂಧನ ನಿಲ್ಲಿಸಲು ಎಳೆಯುವುದೇ ಕೆಂಪು ಹಿಡಿ. ಕಲಿಯುವ ಮಕ್ಕಳಿಗೆ ಕಷ್ಟವಾಗದಿರಲಿ ಎಂದು ಅದಕ್ಕೆ ಎಣ್ಣೆ ಬಿಟ್ಟು ಬೆಣ್ಣೆಯಂತೆ ಮಾಡಿದ್ದರು. ಇಲ್ಲಿ ಕಲಿತ ಒಬ್ಬ, ನಿಲ್ಲಿಸಿದ್ದ ನಿಜವಾದ ವಿಮಾನದಲ್ಲಿ ಅಭ್ಯಾಸಕ್ಕೆಂದು ಹಿಡಿ ಎಳೆದ. ಅದು ಬಿಗಿ. ಕೆಟ್ಟಿರಬೇಕೆಂದು ಕೈಬಿಟ್ಟ. "ಆಕಾಶದಲ್ಲಾಗಿದ್ರೆ? ಆವತ್ತೇ ಎಣ್ಣೆಯೆಲ್ಲ ಒರೆಸಿ ತೆಗೆದೆ ಸಾರ್." ಅಂದಿನಿಂದ ನಿಜವಾದ ವಿಮಾನದಲ್ಲಿ ಕೂತು, ಕಣ್ಣು ಮುಚ್ಚಿ ಎಳೆದೆಳೆದು, ಆ ಬಿಗಿ ಕೈಗೆ ಹತ್ತಿದ ಮೇಲೆಯೇ ಇಲ್ಲಿ ಬಂದು ಹಿಡಿಗೆ ಅಷ್ಟೇ ಬಿಗಿಯ ಸ್ಪ್ರಿಂಗ್ ಹಾಕುತ್ತಾರೆ.

ಇವತ್ತು ಪರೀಕ್ಷೆ. ಕೂರುವವಳು ಸ್ವಂತ ಮಗಳು. ಗೆದ್ದರೆ ನಾಳೆ ಮೊದಲ ಸಲ ಒಬ್ಬಳೇ ಹಾರುತ್ತಾಳೆ.

"ಅಪ್ಪಾ, ಹಿಡಿ ಸ್ಪ್ರಿಂಗ್ ಒಂದೇ ಒಂದು ಸುತ್ತು ಸಡಿಲ ಮಾಡಪ್ಪ. ಯಾರಿಗೆ ಗೊತ್ತಾಗುತ್ತೆ?"

"ನಾಳೆ ನಿನಗೇ ಗೊತ್ತಾಗುತ್ತಲ್ಲಮ್ಮ."

ಪರೀಕ್ಷೆ ನಡುವೆ ಬೆಂಕಿಯ ದೀಪ ಹೊತ್ತಿಕೊಳ್ಳುತ್ತದೆ. ಅವಳು ಎಳೆಯುತ್ತಾಳೆ, ಹಿಡಿ ಜಪ್ಪಯ್ಯ ಅನ್ನುವುದಿಲ್ಲ. ಪ್ಯಾನೆಲ್ಲಿನ ಹಿಂದೆ ಅಪ್ಪ, ಕೈಯಲ್ಲಿ ಸ್ಕ್ರೂಡ್ರೈವರ್. ಸ್ಪ್ರಿಂಗ್ ಗೇಣು ದೂರದಲ್ಲಿದೆ. ಸಡಿಲ ಮಾಡಿಬಿಡಲಿ ಎಂದು ನನಗೇ ಅನ್ನಿಸುತ್ತದೆ. ಅವರು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ಕೈ ಕಟ್ಟಿಕೊಳ್ಳುತ್ತಾರೆ.

ಮಗಳು ಪಾದ ಊರಿ, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕುತ್ತಾಳೆ. ಟಪ್ಪೆಂದು ಹಿಡಿ ಹೊರಬರುತ್ತದೆ. ಪಾಸು.

"ನೀನು ಅಪ್ಪನೋ, ಕಟುಕನೋ?" ಎಂದು ಕೆಂಪಾದ ಅಂಗೈ ಮುಂದೆ ಚಾಚುತ್ತಾಳೆ. ಅವರು ಅದನ್ನು ಉಜ್ಜುತ್ತ ನಿಲ್ಲುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. "ಈ ಹಿಡಿ ಅವಳಿಗೆ ಯಾವತ್ತೂ ಬೇಕಾಗದೇ ಇರಲಿ ಸಾರ್. ಬೇಕಾದ್ರೆ," ಎಂದು ಮಗಳ ಕಡೆ ನೋಡುತ್ತಾರೆ, "ಅವಳು ಕೈಬಿಡಲ್ಲ."