ಹಾಲು ಕರೆಯುವ ಹೆಬ್ಬೆರಳು

ಆಪರೇಷನ್ ಮಾಡುವಾಗ ಯಾರಾದರೂ ಮಾತಾಡಿದರೆ ನನಗಾಗದು. ಟ್ರೇ ಸದ್ದಾದರೂ ಸಿಡುಕುತ್ತೇನೆ. ಕೊರೊನಾ ಬಂದ ಮೇಲೆ ಆ ನೆಮ್ಮದಿಗೂ ಕುತ್ತು ಬಂತು. ರೋಗಿಯ ಗಂಟಲಿಗೆ ನಳಿಕೆ ಇಳಿಸಿದರೆ ಉಸಿರಿನ ಹನಿಗಳು ಕೋಣೆಯೆಲ್ಲ ಹರಡುವ ಭಯ. ಹಾಗಾಗಿ ಆದಷ್ಟೂ ಬೇಕಾದ ಜಾಗವನ್ನು ಮಾತ್ರ ಮರಗಟ್ಟಿಸುತ್ತಿದ್ದೆವು. ರೋಗಿಗೆ ಪೂರ್ತಿ ಎಚ್ಚರ, ಜೊತೆಗೆ ಬಾಯಿ ಬೇರೆ.

ಬಂಗಾರಪೇಟೆ ಕಡೆಯ ಹಳ್ಳಿಯ ಆ ಹೆಂಗಸಂತೂ ಬಾಯಿ ಮುಚ್ಚಿದವಳೇ ಅಲ್ಲ. ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಬಲಗೈ ಹೆಬ್ಬೆರಳಿನ ಚರ್ಮವೆಲ್ಲ ಸುಲಿದುಹೋಗಿತ್ತು. ಮೂಳೆ ಉಳಿದಿತ್ತು. ಲಾಕ್‌ಡೌನಿಗೆ ಮಾರಿಕುಪ್ಪಂ ರೈಲು ನಿಂತಿದ್ದರಿಂದ ಬೆಂಗಳೂರಿಗೆ ಹೋಗುವ ಮಾತೇ ಇಲ್ಲ, ರಾಬರ್ಟ್‌ಸನ್‌ಪೇಟೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲೇ ಆಗಬೇಕು. ಒಳಗೆ ನಾನು, ಅರಿವಳಿಕೆ ಡಾಕ್ಟರು, ಒಬ್ಬ ನರ್ಸು, ಅಷ್ಟೇ. ಏಸಿ ಹಾಕುವಂತಿಲ್ಲ. ಪ್ಲಾಸ್ಟಿಕ್ ಅಂಗಿಯೊಳಗೆ ಬೆವರು ಪಾದದವರೆಗೆ ಇಳಿಯುತ್ತಿತ್ತು.

"ಡಾಕ್ಟ್ರಮ್ಮ, ಆಲು ಕರಿಯಕ್ಕಾಯ್ತದಾ?" ಮಾಸ್ಕಿನೊಳಗಿಂದ ಅವಳದು ಅದೊಂದೇ ಪ್ರಶ್ನೆ.

"ಆಯ್ತದೆ ಕಣಕ್ಕ. ನಾನು ಯೋಳೋಗಂಟ ಕೈ ಎಳೀಬ್ಯಾಡ."

ತೊಡೆಸಂದಿಯ ಹತ್ತಿರದ ಚರ್ಮವನ್ನು ಒಂದು ಕಡೆ ಮೈಗೆ ಅಂಟಿರುವಂತೆಯೇ ಎತ್ತಿ, ಹೆಬ್ಬೆರಳಿಗೆ ಸುತ್ತಿ ಹೊಲಿದೆ. ಆ ಚರ್ಮ ಬೆರಳಿನ ರಕ್ತದಲ್ಲಿ ಬದುಕುವುದನ್ನು ಕಲಿಯಲು ಮೂರು ವಾರ ಬೇಕು. ಅಲ್ಲಿಯವರೆಗೆ ಕೈ ತೊಡೆಸಂದಿಗೆ ಅಂಟಿಕೊಂಡೇ ಇರಬೇಕು. ನಡುವೆ ಎಳೆದರೆ ಬೆರಳು ಹೋದ ಹಾಗೇ.

ವಾರ ತುಂಬುವ ಮೊದಲೇ ಗಂಡನ ಫೋನು ಬಂತು. ಹಸು ಅವನನ್ನು ಹತ್ತಿರ ಸೇರಿಸುತ್ತಿಲ್ಲ, ಒದೆಯುತ್ತಿದೆ, ಕೆಚ್ಚಲು ಬಿಗಿದುಕೊಂಡಿದೆ. ಇವಳು ಎದ್ದು ಕೂತಳು.

"ಬಿಚ್ಬುಡಮ್ಮ, ನಾನು ಓಯ್ತೀನಿ."

ನನಗೆ ಮೈಯೆಲ್ಲ ಉರಿಯಿತು. "ಓಗು. ಬೆರಳು ಇಲ್ಲೇ ಬಿಟ್ಟು ಓಗು," ಎಂದೆ. ಅವಳು ಅಳತೊಡಗಿದಳು. ನಾನೂ ಹಸು ಕಟ್ಟಿದ ಮನೆಯಲ್ಲೇ ಬೆಳೆದವಳು. ದೊಡ್ಡಮ್ಮ ಜ್ವರದಿಂದ ಮಲಗಿದಾಗ ದೊಡ್ಡಪ್ಪ ಏನು ಮಾಡಿದ್ದರೆಂದು ನೆನಪಾಯಿತು. ಫೋನು ಕಿತ್ತುಕೊಂಡೆ.

"ಅಣ್ಣ, ಅಕ್ಕ ಉಟ್ಟು ಬಿಟ್ಟಿರೋ ಸೀರೆ ಐತಾ? ಅದನ್ನ ಸುತ್ಕಂಡು ಓಗಿ ಕರಿ."

ಸಂಜೆ ಮತ್ತೆ ಫೋನು ಮಾಡಿದ. "ಆಲು ಬಿಡ್ತು ಡಾಕ್ಟ್ರಮ್ಮ. ಆದ್ರೆ ಬೀದಿಯೋರೆಲ್ಲ ನೋಡ್ಬುಟ್ರು." ಹೊಲಿಗೆ ಬಿಚ್ಚಿಹೋಗುತ್ತದೆಂದು ನಾನು ಗದರುತ್ತಿದ್ದರೂ ಅವಳ ನಗು ನಿಲ್ಲಲಿಲ್ಲ. ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮೂರು ವಾರಕ್ಕೆ ಕೈ ಬಿಡಿಸಿದೆವು. ಬೆರಳು ಬದುಕಿತ್ತು. ಕೆಲವು ತಿಂಗಳು ಬಿಟ್ಟು ತೋರಿಸಲು ಬಂದಳು. ಬೆರಳು ದಪ್ಪ, ನೋಡಲು ಚೆಂದವಿಲ್ಲ. ಹಿಡಿತ ಹೇಗಿದೆಯೋ ಎಂದು ನನಗೆ ಒಳಗೊಳಗೇ ಪುಕುಪುಕು. ಗ್ಲೌಸ್ ಹಾಕಿದ ನನ್ನ ಬೆರಳು ಮುಂದೆ ಚಾಚಿ, "ಇಡ್ಕ ನೋಡಾಣ," ಎಂದೆ.

ಅವಳು ಹಿಡಿದಳು. ಹೆಬ್ಬೆರಳು ಒತ್ತಿ ಮೇಲಿಂದ ಕೆಳಕ್ಕೆ ಜಗ್ಗಿದಳು. ಮತ್ತೆ ಜಗ್ಗಿದಳು. ಗೆಣ್ಣು ನೋಯುವಷ್ಟು ಬಲವಿತ್ತು ಆ ಹಿಡಿತಕ್ಕೆ.

"ಬಿಡಕ್ಕ, ನನ್ನತ್ರ ಆಲಿಲ್ಲ," ಎಂದೆ.

ಅವಳು ಬಿಡಲಿಲ್ಲ.