ಲಗ್ನದ ಹಾಲಿನ ಕೆಳಗೆ ನಮ್ಮ ದೇವಾಲಯ

ಪುಣೆಗೆ ಬಂದ ಮೇಲೆ ಮೊದಲ ಭಾನುವಾರ ನಾನು ದೇವರಿಗೆ ತಲೆಬಾಗಿದ್ದು ಮದುಮಕ್ಕಳ ಎರಡು ಕೆಂಪು ಕುರ್ಚಿಗಳ ಎದುರಿಗೆ. ಸಾಮಾನ್ಯ ಕುರ್ಚಿಗಳಲ್ಲ, ಸಿಂಹದ ಮುಖದ ಕೈಗಳು, ಬಂಗಾರದ ಬಣ್ಣ, ಬೆನ್ನಿಗೆ ಮಖಮಲ್ಲು. ಅದು ಬಾಡಿಗೆಯ ಲಗ್ನದ ಹಾಲ್, ಹಿಂದಿನ ಸಂಜೆ ಅಲ್ಲಿ ಯಾರದೋ ಲಗ್ನವಾಗಿತ್ತು. ವೇದಿಕೆ ಮೇಲೆ ಥರ್ಮೋಕೋಲಿನ ನವಿಲುಗಳು ಇನ್ನೂ ನಿಂತೇ ಇದ್ದವು, ನೆಲದ ತುಂಬ ಅಕ್ಷತೆ ಚೆಲ್ಲಿತ್ತು, ಹಾಲಿಗೆ ಹಾಲೇ ಅರಿಸಿನ ನಾರುತ್ತಿತ್ತು. ಆ ನವಿಲುಗಳ ನಡುವೆ ಸಣ್ಣದೊಂದು ಮರದ ಶಿಲುಬೆ ಇಟ್ಟು, ಹಾರ್ಮೋನಿಯಂ ಒರೆಸುತ್ತಿದ್ದ ಹಿರಿಯರೊಬ್ಬರು ನನ್ನನ್ನೂ ನನ್ನ ಗಂಡ ಆನಂದರನ್ನೂ ನೋಡಿ, "ಬರ್ರಿ ತಂಗಿ, ಬರ್ರಿ. ಇದೇ ನೋಡ್ರಿ ನಮ್ಮ ದೇವಾಲಯ" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ನಾನು ಯಾದಗಿರಿಯವಳು. ನಮ್ಮ ದೇವಾಲಯ ಕಲ್ಲಿನದು. ಗಂಟೆ ಬಾರಿಸಿದರೆ ರೈಲ್ವೆ ಸ್ಟೇಷನ್ನಿನವರೆಗೆ ಕೇಳಿಸುತ್ತದೆ. ನೆಲಕ್ಕೆ ಹಾಸಿದ ಶಹಾಬಾದ ಕಲ್ಲು ಬಿರುಬೇಸಿಗೆಯಲ್ಲೂ ಪಾದಕ್ಕೆ ತಣ್ಣಗೆ ಹತ್ತುತ್ತದೆ. ಅಲ್ಲಿ ಎಲ್ಲರೂ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟೇ ಒಳಗೆ ಬರುವುದು. ಯಾವ ಕಂಬದ ಬುಡಕ್ಕೆ ಯಾರ ಮನೆಯವರು ಕೂರುತ್ತಾರೆ ಎಂಬುದು ನಮ್ಮಜ್ಜಿಯ ಕಾಲಕ್ಕೇ ತೀರ್ಮಾನವಾಗಿ ಹೋಗಿದೆ. ಇಲ್ಲಿಯೋ, ಶನಿವಾರ ಸಂಜೆ ವಾಟ್ಸಾಪಿನಲ್ಲಿ "ಹಾಲ್ ಸಿಕ್ಕಿದೆ" ಎಂಬ ಸುದ್ದಿ ಬಂದರೆ ನಾಳೆ ದೇವಾಲಯ ಉಂಟು ಎಂದರ್ಥ. ಬೆಂಗಳೂರು, ಮೈಸೂರು ಕಡೆಯ ಹುಡುಗರು ಬೂಟುಗಾಲಲ್ಲೇ ಬಂದು ಕೂರುತ್ತಾರೆ. ಹನ್ನೊಂದಕ್ಕೆ ಊಟದ ಪಾರ್ಟಿಯವರು ಬಾಗಿಲಲ್ಲಿ ಕೆಮ್ಮತೊಡಗಿದರೆ ಶಿಲುಬೆ, ಹಾರ್ಮೋನಿಯಂ, ಹಾಡಿನ ಪುಸ್ತಕ ಎಲ್ಲವೂ ಕಾರಿನ ಡಿಕ್ಕಿ ಸೇರುತ್ತವೆ.

ಇಲ್ಲಿ ಮನೆ ಹುಡುಕಿದ ಕಥೆಯನ್ನೂ ಹೇಳಿಬಿಡುತ್ತೇನೆ, ಅದು ನನ್ನ ಮೊದಲ ಗೆಲುವು. ಆನಂದರಿಗೆ ಚಾಕಣದ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ, ನನಗೆ ವಾಕಡದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಹಾಗಾಗಿ ವಾಕಡದಲ್ಲೇ ಬಾಡಿಗೆ ಮನೆ ನೋಡಿದೆವು. ಹೋದಲ್ಲೆಲ್ಲ ಮೊದಲ ಪ್ರಶ್ನೆ ನೀವು ನಾನ್‌ವೆಜ್ ತಿನ್ನುತ್ತೀರಾ ಎಂಬುದು. ನನ್ನ ಗಂಡ ಸತ್ಯಸಂಧ, ಇವರು ಹೂಂ ಅನ್ನುವುದು, ಅವರು ಬಾಗಿಲು ಮುಚ್ಚುವುದು. ಕೊನೆಗೆ ಸಿಕ್ಕ ಮನೆಯ ಮಾಲಕಿ ಒಬ್ಬ ಆಜಿ. ಮರಾಠಿಯಲ್ಲಿ ಅಜ್ಜಿಗೆ ಆಜಿ ಅನ್ನುತ್ತಾರೆ. ಆಕೆ ಕೇಳಿದ್ದು ಒಂದೇ ಮಾತು: "ಭಾಕರಿ ಥಾಪತಾ ಯೇತೇ ಕಾ?" ಭಾಕರಿ ಅಂದರೆ ನಮ್ಮ ಜೋಳದ ರೊಟ್ಟಿ, ಅದನ್ನು ತಟ್ಟಲು ಬರುತ್ತದೆಯೇ ಎಂದು. ಯಾದಗಿರಿಯ ಹೆಣ್ಣುಮಗಳಿಗೆ ಕೇಳುವ ಪ್ರಶ್ನೆಯೇ ಅದು? ನಾನು ಅಲ್ಲೇ ಬಳೆ ಮೇಲೇರಿಸಿ, ಆಕೆಯ ಅಡುಗೆಮನೆಯಲ್ಲೇ ಹಿಟ್ಟು ನಾದಿ, ಚಂದ್ರನಂಥ ರೊಟ್ಟಿ ತಟ್ಟಿ ತೋರಿಸಿದೆ. ಆಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಮುರಿದು ತಿಂದು, ಕೀಲಿ ಕೈಗಿಟ್ಟಳು. ಅವತ್ತು ನಾನು ಊರಿಗೆಲ್ಲ ಫೋನು ಮಾಡಿದ್ದೇ ಮಾಡಿದ್ದು.

ಮನೆ ಸಿಕ್ಕಿತು, ಮರಾಠಿಯೂ ನಾಲಿಗೆಗೆ ಹತ್ತಿತು, ಆದರೆ ಒಂಟಿತನ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಆನಂದರು ಕಂಪನಿ ಬಸ್ಸು ಹತ್ತಿದರೆ ಲ್ಯಾಬಿನಲ್ಲೂ ಮನೆಯಲ್ಲೂ ಸಂಜೆಯವರೆಗೆ ನನ್ನ ಕನ್ನಡಕ್ಕೆ ಗೋಡೆಯೇ ಗತಿ. ಹಾಗಾಗಿ ಭಾನುವಾರ ಬಂತೆಂದರೆ ನಾನು ಹಬ್ಬಕ್ಕೆ ಹೊರಟವಳ ಹಾಗೆ ತಯಾರಾಗುತ್ತಿದ್ದೆ. ನಮ್ಮ ಆ ಕನ್ನಡ ಕ್ರೈಸ್ತ ಸಭೆಯಲ್ಲಿ ಇದ್ದವರು ನಲವತ್ತೋ ಐವತ್ತೋ ಮಂದಿ. ಮೊದಲ ದಿನ ನಮ್ಮನ್ನು ಕರೆದ ಹಿರಿಯರು ದೇವದಾನ ಕಾಕಾ, ವಿಜಯಪುರದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಹಾರ್ಮೋನಿಯಂ ಅವರದು. ಗಿಟಾರು ಮೈಸೂರಿನ ಜೋಯೆಲ್‌ನದು, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸದವನು. ಕಾಕಾ ಹಾಡನ್ನು ಎತ್ತಿನ ಗಾಡಿಯಲ್ಲಿ ಕರೆದೊಯ್ದರೆ ಜೋಯೆಲ್ ಬೈಕಿನಲ್ಲಿ ಹಾರಿಸುತ್ತಾನೆ. ಇಬ್ಬರೂ ಒಂದೇ ಸಲಕ್ಕೆ "ಆಮೆನ್" ತಲುಪಿದ ಭಾನುವಾರ ನಾವೆಲ್ಲ ಚಪ್ಪಾಳೆ ತಟ್ಟಿದ್ದೂ ಉಂಟು.

ಆರು ತಿಂಗಳಲ್ಲಿ ನನಗೆ ಆ ಸಭೆಯ ಮೇಲೆ ಹುಚ್ಚು ಪ್ರೀತಿ ಹುಟ್ಟಿತು. ಯಾಕೆಂದು ಯೋಚಿಸಿದೆ. ಯಾದಗಿರಿಯ ದೇವಾಲಯ ನಾನು ಹೋದರೂ ನಿಂತಿರುತ್ತದೆ, ಹೋಗದಿದ್ದರೂ ನಿಂತಿರುತ್ತದೆ. ಇಲ್ಲಿ ನಾನು ಹೋಗಿ ಅಕ್ಷತೆ ಗುಡಿಸದಿದ್ದರೆ, ಆನಂದರು ಜಮಖಾನೆ ಹಾಸದಿದ್ದರೆ, ಆ ಭಾನುವಾರ ದೇವಾಲಯವೇ ಇರುವುದಿಲ್ಲ. ವಾರ ವಾರವೂ ಹೊಸದಾಗಿ ಕಟ್ಟುವ ಮನೆ ಅದು. ಅಂಥ ಮನೆಯ ಮೇಲೆ ಮಮತೆ ಹುಟ್ಟದೆ ಇನ್ನೇನು?

ಮರುವರ್ಷ ಮಗಳು ಹುಟ್ಟಿದಳು. ಕೃಪಾ ಎಂದು ಹೆಸರಿಡುವುದೆಂದು ನಿಶ್ಚಯಿಸಿದೆವು. ದೀಕ್ಷಾಸ್ನಾನ, ಅಂದರೆ ಮಗುವಿನ ತಲೆಗೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವ ಶಾಸ್ತ್ರ, ಪುಣೆಯಲ್ಲೇ ಆಗಬೇಕೆಂದು ನಾನು ಹಟ ಹಿಡಿದೆ. ಬಸುರಿಯಾಗಿದ್ದಾಗ ಹುಣಸೆಯ ತೊಕ್ಕು ತಂದುಕೊಟ್ಟವರು, ಆಸ್ಪತ್ರೆಯಲ್ಲಿ ಸರದಿಯಂತೆ ಕಾವಲು ಕೂತವರು ಇವರೇ. ನನ್ನ ಮಗಳು ಇವರ ಕೈಗೇ ಬೀಳಬೇಕು. ಆದರೆ ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಕೂಸನ್ನು ನೀರಿಗೆ ಎತ್ತಿ ಹಿಡಿಯುವವಳು ತಾಯಿಯ ತಾಯಿ. ನನ್ನನ್ನು ನನ್ನಜ್ಜಿ ಹಿಡಿದಿದ್ದಳು, ಅಣ್ಣನ ಮಕ್ಕಳನ್ನು ಅತ್ತಿಗೆಯ ಅವ್ವ ಹಿಡಿದಿದ್ದರು. ಆ ಕೈ ಇಲ್ಲದೆ ಮಗುವಿಗೆ ನೀರು ಹಾಕಿಸುವ ಧೈರ್ಯ ನನಗಿರಲಿಲ್ಲ. ನನ್ನವ್ವನಿಗೆ ಫೋನು ಮಾಡಿದೆ.

"ಲಗ್ನದ ಹಾಲಿನ್ಯಾಗ ದೀಕ್ಷಾಸ್ನಾನ?" ಎಂದಳು ಅವ್ವ. "ಬಾಡಿಗಿ ಮನ್ಯಾಗ ದೇವರು ಇರ್ತಾನೇನ?"

"ನಾನೂ ಬಾಡಿಗಿ ಮನ್ಯಾಗೇ ಇದೀನಲ್ಲವ್ವ. ಅಲ್ಲಿ ದೇವರಿಲ್ಲೇನು?"

"ನಿನ್ನ ನಾಲಿಗಿ ಭಾಳ ಉದ್ದ ಅದ. ದೇವರ ಮನಿ ಅಂದ್ರ ನಿಂತಲ್ಲೇ ನಿಂತಿರಬೇಕು. ನಾಳಿ ಆ ಹಾಲಿನವ ಹೊರಗ ಹೋಗ್ರಿ ಅಂದ್ರ ಎಲ್ಲಿ ಹೋಗ್ತೀರಿ? ನಾ ಬಂದು ಕೂಸಿಗಿ ಇಲ್ಲೇ ಕರ್ಕೊಂಡು ಬರ್ತೀನಿ. ನಮ್ಮ ದೇವಾಲಯದಾಗ ಎತ್ತಿ ಹಿಡೀತೀನಿ, ಅಲ್ಲಿ ಹಿಡಿಯಂಗಿಲ್ಲ."

ಅವ್ವ ಒಂದು ಮಾತು ಆಡಿದಳೆಂದರೆ ಮುಗಿಯಿತು. ಆದರೂ ನಾನು ತಾರೀಖು ಗೊತ್ತುಮಾಡಿಸಿದೆ. ತಿಂಗಳಿಗೊಮ್ಮೆ ಸೊಲ್ಲಾಪುರದಿಂದ ಬರುವ ನಮ್ಮ ಸಭಾಪಾಲಕರು, ಅಂದರೆ ಪಾದ್ರಿಗಳು, ದೀಪಾವಳಿ ಆದ ಮೇಲೆ ಒಂದು ಭಾನುವಾರ ಖಾಲಿ ಇದ್ದೇನೆ ಎಂದರು. ಕಾಕಾ ಹಾಲಿನ ಮ್ಯಾನೇಜರ್ ಶಿಂದೆಯವರ ಕಿವಿಗೆ ಬಾಯಿಮಾತಲ್ಲಿ ಹಾಕಿಟ್ಟರು. ಅವ್ವ ಹಿಂದಿನ ದಿನ ರೈಲಿಳಿದು ಬಂದಳು, ಒಂದು ಚೀಲ ಜೋಳದ ಹಿಟ್ಟು, ಒಂದು ಡಬ್ಬಿ ಶೇಂಗಾ ಹಿಂಡಿ, ಬದಲಾಗದ ಮುಖ. ಬರುವುದಾಗಿ ಒಪ್ಪಿದ್ದು ನೋಡಲಿಕ್ಕೆ ಮಾತ್ರ.

ಭಾನುವಾರ ಬೆಳಿಗ್ಗೆ ಹೊಸ ಬಿಳಿ ಅಂಗಿಯ ಕೃಪಾಳನ್ನು ಎತ್ತಿಕೊಂಡು ಹಾಲಿನ ಮುಂದೆ ಆಟೋ ಇಳಿದರೆ ಅಲ್ಲಿ ಕುದುರೆ! ಅಲಂಕಾರ ಮಾಡಿದ ಬಿಳಿ ಕುದುರೆ, ಬ್ಯಾಂಡಿನವರು, ಪೇಟ ಸುತ್ತಿಕೊಂಡ ನೂರು ಮಂದಿ. ನಮ್ಮ ಸಭೆಯವರೆಲ್ಲ ಹಾಡಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಪಾನಿನ ಅಂಗಡಿ ಪಕ್ಕ ನಿಂತಿದ್ದರು. ಶಿಂದೆಯವರು ಹಣೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. "ತಾಈ, ತುಳಶೀಚಂ ಲಗ್ನ ಝಾಲಂ ನಾ? ಆತಾ ಕುಠಲಾ ಹಾಲ್ ಮೋಕಳಾ?"

ಅಕ್ಕಾ, ತುಳಸಿ ಮದುವೆ ಆಯಿತಲ್ಲ, ಇನ್ನು ಯಾವ ಹಾಲು ಖಾಲಿ ಇರುತ್ತದೆ ಎಂದು ಅವರ ಅರ್ಥ. ಈ ಸೀಮೆಯಲ್ಲಿ ಕಾರ್ತಿಕದ ತುಳಸಿ ಮದುವೆ ಮುಗಿಯುವವರೆಗೆ ಲಗ್ನಗಳು ನಿಂತಿರುತ್ತವೆ, ಮುಗಿದ ಕೂಡಲೇ ಮೊದಲ ಮುಹೂರ್ತಕ್ಕೆ ಇಡೀ ಪುಣೆಯೇ ಮದುವೆಯಾಗಲು ನುಗ್ಗುತ್ತದೆ. ಓಣಿಯ ಯಾವ ಆಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಪಂಚಾಂಗ ನೋಡುವ ರೂಢಿಯಿಲ್ಲದ ನಾವು, ಹಾಲು ಖಾಲಿ ಬಿದ್ದಿದ್ದ ತಿಂಗಳುಗಳನ್ನು ಕಂಡು ಬೀಗಿದ್ದವರು, ಹುಡುಕಿ ಹುಡುಕಿ ಆ ಭಾನುವಾರವನ್ನೇ ಆರಿಸಿದ್ದೆವು. ಬಾಯಿಮಾತಿನ ನಮ್ಮ ಬುಕಿಂಗು ಆ ಗದ್ದಲದಲ್ಲಿ ಶಿಂದೆಯವರಿಗೆ ಮರೆತೇಹೋಗಿತ್ತು.

ಅವ್ವ ನನ್ನ ಕಡೆ ನೋಡಿ, ಕೂಸನ್ನು ನನ್ನ ಕೈಯಿಂದ ಎತ್ತಿಕೊಂಡಳು.

ಶಿಂದೆಯವರು ಮಾತ್ರ ಕೈಬಿಡಲಿಲ್ಲ. ಕೆಳಗಿನ ಪಾರ್ಕಿಂಗ್ ಬಳಸಿಕೊಳ್ಳಿ, ಕಾರುಗಳನ್ನು ರಸ್ತೆಯಲ್ಲೇ ನಿಲ್ಲಿಸಲು ಹೇಳುತ್ತೇನೆ ಎಂದರು. ಕಾಕಾ ಹಿಂದೆಮುಂದೆ ನೋಡಿದರು. "ಎಣ್ಣಿ ಬಿದ್ದ ನೆಲದ ಮ್ಯಾಲ ಹೆಂಗರಿ..." ಅವರ ಮಾತು ಮುಗಿಯುವುದರೊಳಗೆ ಜೋಯೆಲ್ ಪಾರ್ಕಿಂಗಿನ ಇಳಿಜಾರು ಇಳಿದಾಗಿತ್ತು. "ಅಂಕಲ್, ಹತ್ತೇ ನಿಮಿಷ ಕೊಡಿ. ಬೈಕ್ಸ್ ಎಲ್ಲಾ ಶಿಫ್ಟ್ ಮಾಡ್ತೀವಿ. ಅಕ್ಕಾ, ಜಮಖಾನೆ ಎಲ್ಲಿದೆ?"

ಅಬ್ಬಾ, ಆ ಹತ್ತು ನಿಮಿಷ! ಲಕ್ಷ ಲಕ್ಷ ಸಂಬಳದ ಹುಡುಗರು ಬೈಕು ತಳ್ಳಿದರು, ಹೆಂಗಸರು ಸೀರೆ ಸಿಕ್ಕಿಸಿ ಗುಡಿಸಿದರು, ಎಣ್ಣೆಯ ಕಲೆಗಳ ಮೇಲೆ ಯಾರೋ ಮರಳು ಚೆಲ್ಲಿದರು. ಲಗ್ನದ ಅಡುಗೆಯವರು ವಿಷಯ ತಿಳಿದು ತಾವಾಗೇ ಒಂದು ಹೊಸ ಸ್ಟೀಲಿನ ಪಾತೇಲಿ ತೊಳೆದು ನೀರು ತುಂಬಿ ತಂದರು. ಎರಡು ಸಿಮೆಂಟ್ ಕಂಬಗಳ ನಡುವೆ ಶಿಲುಬೆ ನಿಂತಿತು. ನಾನು ಗುಡಿಸುತ್ತ ಗುಡಿಸುತ್ತ ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಎಲ್ಲರೂ ಕೂತಾಯಿತು. ಅವ್ವ ಒಬ್ಬಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿಜಾರಿನ ತುದಿಯಲ್ಲೇ ನಿಂತಿದ್ದಳು. ಸಭಾಪಾಲಕರು ನನ್ನ ಮುಖ ನೋಡಿದರು. ಅವ್ವ ಇಳಿಯದಿದ್ದರೆ ನಾನೇ ಹಿಡಿಯಬೇಕು, ಇಲ್ಲವೇ ಇವತ್ತು ಬೇಡ ಎನ್ನಬೇಕು. ಅವ್ವ ಕೆಳಗೆ ನೆಲ ನೋಡಿದಳು, ಕಂಬ ನೋಡಿದಳು, ಬೆವರಿ ಕೂತ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಚಪ್ಪಲಿ ಎಲ್ಲಿ ಬಿಡಬೇಕ್ರಿ?" ಎಂದು ಕೇಳಿದಳು.

ಹೊಸ್ತಿಲೇ ಇಲ್ಲದ ಜಾಗದಲ್ಲಿ ಹೊರಗೆ ಯಾವುದು, ಒಳಗೆ ಯಾವುದು? ಆಗ ಜೋಯೆಲ್ ಎದ್ದು ಹೋಗಿ, ಇಳಿಜಾರು ನೆಲ ಮುಟ್ಟುವಲ್ಲಿ ಕೂತು, ತನ್ನ ದೊಡ್ಡ ಬೂಟುಗಳ ಲೇಸು ಬಿಚ್ಚತೊಡಗಿದ. ಕಾಲುಚೀಲವನ್ನೂ ತೆಗೆದು ಬೂಟನ್ನು ಗೋಡೆಗೆ ಒತ್ತಿ ಇಟ್ಟ. "ಇಲ್ಲಿ ಬಿಡಿ ಅಜ್ಜಿ." ಅವನ ಹಿಂದೆ ಇನ್ನೊಬ್ಬ ಹುಡುಗ ಎದ್ದ, ಆಮೇಲೆ ಸಾಲಾಗಿ ಎಲ್ಲರೂ. ಬೂಟು, ಸ್ಯಾಂಡಲ್, ಹೈಹೀಲು, ಕಾಕಾರ ಕೊಲ್ಹಾಪುರಿ ಚಪ್ಪಲಿ, ಈ ಗೋಡೆಯಿಂದ ಆ ಗೋಡೆಯವರೆಗೆ ಅಡ್ಡಕ್ಕೆ ಒಂದು ಗೆರೆಯಾಯಿತು. ಅವ್ವ ತನ್ನ ಚಪ್ಪಲಿಯನ್ನು ಆ ಗೆರೆಗೇ ಸೇರಿಸಿ, ಸೆರಗು ತಲೆಗೆ ಹೊದ್ದು, ಬಲಗಾಲಿಟ್ಟು ಒಳಗೆ ಬಂದಳು.

ಮೇಲೆ ಬ್ಯಾಂಡು ಛಾವಣಿ ಹಾರಿಸುತ್ತಿತ್ತು. ಕೆಳಗೆ ನಾವು ಅದಕ್ಕಿಂತ ಜೋರಾಗಿ ಹಾಡಿದೆವು. ಅವ್ವ ಕೂಸನ್ನು ಎತ್ತಿ ಹಿಡಿದಳು. ನೀರು ತಲೆಗೆ ಬಿದ್ದಾಗ ಕೃಪಾ ಅಳುವುದು ಬಿಟ್ಟು ಸಭಾಪಾಲಕರ ಕನ್ನಡಕಕ್ಕೆ ಕೈ ಹಾಕಿದಳು. ಪುಣೆಗೆ ಬಂದ ಮೇಲೆ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ. ಶಾಸ್ತ್ರ ಮುಗಿದು ಮೇಲೆ ಬಂದರೆ ಮದುವೆ ಮನೆಯವರು ನಮ್ಮನ್ನು ಊಟ ಮಾಡದೆ ಹೋಗಗೊಡಲಿಲ್ಲ. ಲಗ್ನದ ಜಿಲೇಬಿ ತಿನ್ನುತ್ತ ಅವ್ವ ಬೇರೆಯವರಿಗೆಲ್ಲ, "ನಮ್ಮ ಕೂಸಿಂದು ಇವತ್ತು ಕೆಳಗ ಆಯ್ತು ನೋಡ್ರಿ" ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ಅವರು ಮರಾಠಿಯಲ್ಲೇ ಹೂಂಗುಟ್ಟುತ್ತಿದ್ದರು.

ಎರಡು ದಿನ ಬಿಟ್ಟು ಅವ್ವನನ್ನು ರೈಲು ಹತ್ತಿಸಲು ಹೋದೆ. ಗೆದ್ದವಳ ಗತ್ತು ನನಗೆ. ಕಿಟಕಿಯಲ್ಲಿ ಕೂತ ಅವ್ವನ ಕೈಗೆ ಮೊಮ್ಮಗಳನ್ನು ಮುಟ್ಟಿಸುತ್ತ, "ಈಗರ ಒಪ್ಪಿದ್ಯಾ, ನಮ್ಮದೂ ದೇವರ ಮನಿ ಅಂತ?" ಎಂದೆ.

"ಖರೇ ಅದ. ಅವತ್ತು ದೇವರು ಇದ್ದ, ನಾ ಸುಳ್ಳ್ ಹೇಳಂಗಿಲ್ಲ" ಎಂದಳು ಅವ್ವ. ಆಮೇಲೆ ಮೊಮ್ಮಗಳ ಬೆರಳು ಹಿಡಿದುಕೊಂಡು, "ಆದ್ರ ನಿಮ್ಮ ಸಭಾದಾಗ ಇನ್ನೂ ಒಬ್ಬರೂ ಸತ್ತಿಲ್ಲವ್ವ" ಎಂದಳು.

ನಾನು ಬೆಚ್ಚಿಬಿದ್ದೆ. ಅವ್ವ ಮಾತ್ರ ಮಾರ್ಕೆಟ್ಟಿನ ಮಾತಾಡುವ ಹಾಗೆ ಮುಂದುವರಿಸಿದಳು. "ಹುಟ್ಟಿದವರನ್ನ ಎಲ್ಲಿ ಬೇಕಾದ್ರೂ ಎತ್ತಿ ಹಿಡೀಬಹುದು. ಹೋದವರಿಗಿ ಒಂದು ಜಾಗಾ ಬೇಕು. ನಮ್ಮಲ್ಲಿ ದೇವಾಲಯದ ಹಿಂದೇ ಮಣ್ಣಾಗ ಎಲ್ಲರೂ ಅದಾರ. ನಿಮ್ಮಪ್ಪನೂ ಅದಾರ. ಅದಕ್ಕಂತ ಅದು ನಿಂತದ. ನೀ ಹೇಳು, ನಿನಗ ಎಲ್ಲಿ ಇಡಬೇಕು?"

"ಅಪ್ಪನ ಬಾಜೂಕ" ಎಂದೆ. ಯೋಚನೆಯೇ ಮಾಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಅವ್ವ ನನ್ನನ್ನು ನೋಡಲಿಲ್ಲ, ನನ್ನ ಕಂಕುಳಲ್ಲಿದ್ದ ಕೃಪಾಳನ್ನು ನೋಡಿದಳು. "ಹಂಗಾದ್ರ ಇಕಿ ಪಾಪ, ನಿನಗ ಹೂ ಇಡ್ಲಿಕ್ಕ ಅಷ್ಟು ದೂರ ಬರಬೇಕಾಗ್ತದ" ಎಂದಳು.

ರೈಲು ಹೊರಟಿತು. ನಾನು ಕೃಪಾಳ ಕೈ ಹಿಡಿದು ಬೀಸಿಸುತ್ತ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದ್ದೆ.