ಬಟ್ಟಲಿನ ತೂತು ಹುಡುಕುವ ಕೋಮಲವಲ್ಲಿ

ಅರಸೀಕೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಸ್ಕ್ಯಾನಿಂಗ್ ಸೆಂಟರಿನ ಷಟರ್ ಎತ್ತಿ ಕೋಮಲವಲ್ಲಿ ಒಳಗೆ ಹೋಗುತ್ತಾರೆ, ಎಕ್ಸ್‌ರೇ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಮೇಜಿನ ನಡುವೆ ಸೈಕಲ್ ಷಾಪಿನಿಂದ ತಂದ ಪುಟ್ಟ ಉಕ್ಕಿನ ಗುಂಡೊಂದನ್ನು ಇಡುತ್ತಾರೆ. ಗುಂಡಿನ ಅಳತೆ ಗೊತ್ತಿದೆ, ಚಿತ್ರದಲ್ಲಿ ಅದರ ಪಕ್ಕದ ವಸ್ತುವನ್ನು ಹೋಲಿಸಿ ಅಳೆಯಬಹುದು. ಇವತ್ತು ಆ ಗುಂಡಿನ ಪಕ್ಕ ಮಲಗಬೇಕಾದದ್ದು ಯಾರ ಕಾಲೂ ಅಲ್ಲ, ಕೈಯೂ ಅಲ್ಲ, ಒಂದು ತಾಮ್ರದ ಬಟ್ಟಲು.

"ಮೊದಲನೇ ಬಸ್ಸು ಹತ್ತಿದೀನಿ ಅಂತ ಬಟ್ಟಲು ತರೋರು ಫೋನ್ ಮಾಡಿದ್ರು ಕಣ್ರೀ. ನಂಗೆ ಕೈಕಾಲೇ ಆಡ್ತಿಲ್ಲ," ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಮಗಳ ಹೆರಿಗೆಗೆ ಕಾದು ಕೂತ ತಾಯಿಯ ಹಾಗೆ ಬಾಗಿಲ ಕಡೆಗೇ ನೋಡುತ್ತಾರೆ. ಸೆಂಟರಿನ ಮಾಲೀಕ ಚಿದಂಬರ ಟೀ ಕೊಟ್ಟು ಗೊಣಗುತ್ತಾನೆ: "ಪೇಷೆಂಟ್ ಬರೋದ್ರೊಳಗೆ ಮುಗಿಸಿಬಿಡಿ ಮೇಡಂ." ಗೊಣಗಿದರೂ ಬೆಳಗಿನ ಹೊತ್ತು ಯಂತ್ರವನ್ನು ಇವರಿಗೆ ಬಿಟ್ಟುಕೊಡುವವನು ಅವನೊಬ್ಬನೇ.

ಗೋಡೆ ಗಡಿಯಾರ ಬರುವ ಮುಂಚೆ ನಮ್ಮಲ್ಲಿ ಹೊತ್ತು ಅಳೆಯುತ್ತಿದ್ದದ್ದು ಗಳಿಗೆ ಬಟ್ಟಲು. ತಳದಲ್ಲಿ ಕೂದಲೆಳೆಯಂಥ ತೂತು. ಹಂಡೆಯ ನೀರಿನಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರು ಏರುತ್ತಾ ಏರುತ್ತಾ ಒಂದು ಗಳಿಗೆಗೆ, ಅಂದರೆ ಇಪ್ಪತ್ನಾಲ್ಕು ನಿಮಿಷಕ್ಕೆ, ಬಟ್ಟಲು ಮುಳುಗಬೇಕು. ಮುಳುಗಿದ ಕೂಡಲೇ ಜಾಗಟೆ ಬಾರಿಸಬೇಕು. ಮದುವೆಯ ಮುಹೂರ್ತವೂ ಅದನ್ನೇ ನಂಬಿತ್ತು. ಆ ಕಾಲದ ಲೆಕ್ಕವೆಲ್ಲ ಇರುವುದು ತೂತಿನ ಅಳತೆಯಲ್ಲಿ. ತೂತು ಹೋದರೆ ಅದು ಬರೀ ಬಟ್ಟಲು, ಪಾಯಸ ಹಾಕಿಕೊಂಡು ಕುಡಿಯಬಹುದು, ಅಷ್ಟೆ.

ಕೋಮಲವಲ್ಲಿ ಬೇಲೂರಿನವರು, ದೇವಸ್ಥಾನದ ಸೇವೆಯ ಮನೆತನ. ಓದಿದ್ದು ಎಕ್ಸ್‌ರೇ ತಂತ್ರಜ್ಞರ ಕೋರ್ಸು, ಇಷ್ಟು ವರ್ಷ ಮಾಡಿದ್ದು ಮುರಿದ ಮೂಳೆಗಳ ಚಾಕರಿ. ತಂದೆ ಹೋದ ಮೇಲೆ ತವರಿನ ದೇವರ ಮನೆಯಲ್ಲಿ ಹಳೆಯ ಗಳಿಗೆ ಬಟ್ಟಲೊಂದು ಕಂಡಿತು.

"ನಮ್ಮನೇದನ್ನೇ ಮೊದಲು ಎಕ್ಸ್‌ರೇ ತೆಗೆದೆ. ತಳದಲ್ಲಿ ಬೆಳ್ಳಗೆ ಒಂದು ಮಚ್ಚೆ. ಸೀಸದ ಬೆಸುಗೆ! ಅಮ್ಮನ್ನ ಕೇಳಿದ್ರೆ, 'ಸೋರೋ ಪಾತ್ರೆ ಮನೇಲಿದ್ರೆ ಲಕ್ಷ್ಮಿ ನಿಲ್ತಾಳೇನೇ? ನಾನೇ ಹಾಕಿಸ್ದೆ' ಅಂದ್ಬಿಟ್ರು."

ಅಲ್ಲಿಂದ ಹಿಡಿದ ಹುಚ್ಚು ಬಿಟ್ಟಿಲ್ಲ. ರಜೆ ಬಂದರೆ ಸಾಕು, ಬೇಲೂರು, ಹಳೇಬೀಡು, ಮಾಲೇಕಲ್ಲಿನ ಸುತ್ತಮುತ್ತ ಯಾರದಾದರೂ ಮನೆಯ ಅಟ್ಟ ಹತ್ತುತ್ತಾರೆ. ಸಿಕ್ಕ ಬಟ್ಟಲುಗಳೆಲ್ಲ ತೀರ್ಥಕ್ಕೋ ಅಕ್ಕಿ ಅಳೆಯುವುದಕ್ಕೋ ಬಳಕೆಯಾಗಿವೆ. ಎಲ್ಲದರ ತಳದಲ್ಲೂ ಅದೇ ಬಿಳಿ ಮಚ್ಚೆ. ಗಂಡ ವಿಜಯಸಾರಥಿ ಹಾಸ್ಯ ಮಾಡುತ್ತಾರಂತೆ: "ಮನುಷ್ಯರ ಮೂಳೆ ಸಾಲ್ದು ಅಂತ ಇವಳು ಚೊಂಬಿನ ಮೂಳೆನೂ ನೋಡ್ತಾಳೆ." ಬಟ್ಟಲುಗಳ ಎಕ್ಸ್‌ರೇ ಚಿತ್ರಗಳನ್ನು ನೋಡಿದ ವಿದ್ವಾಂಸರೊಬ್ಬರು ಮಾತ್ರ ನಗಲಿಲ್ಲ. ತೂತು ಕೆಡದ ಒಂದಾದರೂ ತನ್ನಿ, ಆಗ ಮಾತಾಡೋಣ ಎಂದರು.

ಅಂಥದೊಂದು ಹುಲಿಕೆರೆಯ ರುದ್ರಮ್ಮನವರ ಅಟ್ಟದಲ್ಲಿ ಸಿಕ್ಕಿತು. ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರಿಂದ ಯಾರ ಕೈಯೂ ತಾಗಿರಲಿಲ್ಲ. ತೂತಿನ ತುಂಬ ಹಸಿರು ಕಿಲುಬು.

"ಸೂಜಿ ಹಾಕಿ ಕಿಲುಬು ತೆಗೆದ್ರೆ ತಾಮ್ರಾನೂ ಕೆರೆದು ಬರತ್ತೆ, ಅಳತೆ ಹೋಗತ್ತೆ. ಎಕ್ಸ್‌ರೇ ಆದ್ರೆ ಮುಟ್ಟದೇನೇ ಒಳಗಿನ ಅಂಚು ಕಾಣ್ಸತ್ತೆ," ಎಂದು ವಿವರಿಸುತ್ತಾರೆ. "ಸೂಜಿ ಹಾಕಬೇಡಿ, ಹುಣಸೆಹಣ್ಣು ಹಚ್ಚಬೇಡಿ ಅಂತ ಕೈಮುಗಿದು ಹೇಳಿ ಬಂದಿದೀನಿ. ಸೋಮವಾರದ ಪೂಜೆ ಮುಗಿಸಿ ನಾನೇ ತರ್ತೀನಿ ಅಂದ್ರು."

ಬಿಸಿಲು ಬರುವ ಹೊತ್ತಿಗೆ ರುದ್ರಮ್ಮ ಬರುತ್ತಾರೆ. ಹೊಸ ಸೀರೆ, ಹಣೆ ತುಂಬ ವಿಭೂತಿ, ಮಡಿಲಲ್ಲಿ ಗಂಟು. ಗಂಟು ಬಿಚ್ಚಿದರೆ, ಅಯ್ಯೋ ದೇವರೇ, ಬಟ್ಟಲು ಥಳಥಳ ಹೊಳೆಯುತ್ತಿದೆ. ಕೋಮಲವಲ್ಲಿ ಬಟ್ಟಲನ್ನು ಮಗುಚಿ ನೋಡುತ್ತಾರೆ. ತಳದಲ್ಲಿ ನುಣ್ಣಗೆ ತಟ್ಟಿ ಕೂರಿಸಿದ ತಾಮ್ರದ ಮೊಳೆ.

"ನೀವು ಸೂಜಿ ಹಾಕ್ಬ್ಯಾಡಿ ಅಂದ್ರಿ, ಹಾಕ್ಲಿಲ್ಲ ಕಣವ್ವ. ಹುಣ್ಸೇಹಣ್ಣೂ ಮುಟ್ಟಿಸ್ಲಿಲ್ಲ," ರುದ್ರಮ್ಮನ ಮುಖ ಅರಳಿದೆ. "ನಮ್ಮ ಹಿರೀಕರ ಬಟ್ಲು ಪೋಟೋಕ್ಕೆ ಹೊಂಟೈತೆ, ತೂತು ಬಟ್ಲು ಅಂತ ನಾಕು ಜನ ಆಡ್ಕೋಬಾರ್ದಲ್ಲ? ಹಳೇಬೀಡಲ್ಲಿ ಕಂಚುಗಾರ ಲಕ್ಕಪ್ಪನ ತಾವ ಕೊಟ್ಟು ಮೊಳೆ ಹೊಡುಸ್ದೆ. ಅವನೇ ತಿಕ್ಕಿ ಕೊಟ್ಟ. ಈಗ ಒಂದು ತೊಟ್ಟೂ ಸೋರಕಿಲ್ಲ."

ಯಾರನ್ನು ಬೈಯುವುದು? ಹೇಳಿದ ಮಾತಿಗೆ ಒಂದಿಷ್ಟೂ ತಪ್ಪದೆ, ಹೆಣ್ಣು ನೋಡಲು ಬರುವವರ ಮುಂದೆ ಮಗಳನ್ನು ಸಿಂಗರಿಸಿದಂತೆ ಸಿಂಗರಿಸಿ ತಂದಿದ್ದಾರೆ ಆ ತಾಯಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಕೋಮಲವಲ್ಲಿ ಬಟ್ಟಲನ್ನು ಉಕ್ಕಿನ ಗುಂಡಿನ ಪಕ್ಕ ಇಡುತ್ತಾರೆ, ನಮ್ಮನ್ನು ಹೊರಗೆ ಕಳಿಸಿ ಚಿತ್ರ ತೆಗೆಯುತ್ತಾರೆ. ಆಮೇಲೆ ನನ್ನೊಬ್ಬನನ್ನೇ ಪರದೆಯ ಹತ್ತಿರ ಕರೆಯುತ್ತಾರೆ. ತಳದ ನಡುವೆ ಮೊಳೆಯ ಬಿಳಿ ವೃತ್ತ, ಗುಂಡಿಗಿಂತ ದೊಡ್ಡದು.

"ಮೊಳೆ ಕೂರಿಸೋಕೆ ಮೊದಲು ಕೊರೆದು ಅಗಲ ಮಾಡಿದಾರೆ. ಹಳೇ ಅಂಚು ಒಂಚೂರೂ ಉಳಿದಿಲ್ಲ ನೋಡಿ." ದನಿ ತೀರಾ ಸಣ್ಣಗಿದೆ. "ಮುಗೀತು."

"ಇನ್ನೆಲ್ಲಾದರೂ ಒಂದು ಇರಬಹುದಲ್ಲವೇ?" ಎನ್ನುತ್ತೇನೆ.

"ನಂಗೆ ಗೊತ್ತಿದ್ದಿದ್ದು ಇದೊಂದೇ. ಇನ್ನು ಅಟ್ಟ ಹತ್ತೋಕೆ ಮನಸ್ಸಿಲ್ಲ ಕಣ್ರೀ. ಒಂದೇ ಒಂದು ಬಟ್ಟಲು ತನ್ನ ಹೊತ್ತಿಗೆ ತಾನು ಮುಳುಗೋದನ್ನ ನೋಡ್ಬೇಕು ಅಂತಿತ್ತು, ಅಷ್ಟೇ. ಅದೇನು ದೊಡ್ಡ ಆಸೇನಾ?" ಕಣ್ಣು ತುಂಬಿಕೊಂಡಿದೆ. ಸೆರಗಿನಿಂದ ಒರೆಸಿಕೊಂಡು, ಫಿಲ್ಮ್ ಹಿಡಿದು ಹೊರಗೆ ಬರುತ್ತಾರೆ.

ರುದ್ರಮ್ಮ ಬೆಂಚಿನಿಂದ ಎದ್ದು ನಿಲ್ಲುತ್ತಾರೆ. "ಚೆಂದಾಗಿ ಬಂತೇನವ್ವ?"

ಫಿಲ್ಮನ್ನು ಕೈಗೆ ತೆಗೆದುಕೊಂಡು ರುದ್ರಮ್ಮ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಣ್ಣಿಗೊತ್ತಿಕೊಳ್ಳುತ್ತಾರೆ. "ಕಟ್ಟು ಹಾಕ್ಸಿ ದೇವ್ರ ಗೂಡ್ನಾಗೆ ಮಡಗ್ತೀನಿ."

"ಇಡಿ ಅಮ್ಮ," ಎನ್ನುತ್ತಾರೆ ಕೋಮಲವಲ್ಲಿ, ಬಟ್ಟಲನ್ನು ಮತ್ತೆ ಗಂಟು ಕಟ್ಟಿ ಕೊಡುತ್ತಾ. "ತುಂಬ ಚೆನ್ನಾಗಿ ಬಂದಿದೆ. ಒಂದು ತೊಟ್ಟೂ ಸೋರಲ್ಲ."